ಲೇಸರ್‌ನಿಂದ ಟ್ವೆಂಟಿನೈನರ್‌ಗೆ ಹೋಗಬಹುದಾ? ಕೆಆರ್‌ಎಸ್ ಕಡೆಯವರು ಹೇಳಿ

ಹಿನ್ನೀರ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಇನ್ನೂ ಕಾಲೇಜಿನಲ್ಲಿದ್ದೇನೆ. ಹಾಯಿದೋಣಿ ಕಲಿತದ್ದು ಕೆಆರ್‌ಎಸ್ ಹಿನ್ನೀರಿನಲ್ಲಿ. ಈಗ ಲೇಸರ್ ಓಡಿಸುತ್ತೇನೆ, ಒಬ್ಬರೇ ಓಡಿಸುವ ಚಿಕ್ಕ ಹಾಯಿದೋಣಿ. ನನ್ನದು ಮಧ್ಯದ ಅಳತೆಯ ಹಾಯಿ, ಈಗಿನ ಹೆಸರಿನಲ್ಲಿ ಇಲ್ಕಾ 6. ಟ್ಯಾಕ್ (ಮೂತಿಯನ್ನು ಗಾಳಿಗೆ ದಾಟಿಸಿ ತಿರುಗುವುದು), ಜೈಬ್ (ಹಿಂಭಾಗವನ್ನು ಗಾಳಿಗೆ ದಾಟಿಸಿ ತಿರುಗುವುದು) ಎರಡೂ ಕೈಗೆ ಹತ್ತಿವೆ. ಮಗುಚಿದರೆ ಯಾರನ್ನೂ ಕರೆಯದೆ ಎತ್ತಿಕೊಳ್ಳುತ್ತೇನೆ. ಕ್ಲಬ್ ರೇಸಿನಲ್ಲಿ ಮುಂದಿನ ಗುಂಪಿನ ಹತ್ತಿರ ಹತ್ತಿರ ಬರುತ್ತಿದ್ದೇನೆ.

ವಿಷಯ ಏನೆಂದರೆ, ಚೆನ್ನೈನಲ್ಲಿ ಒಂದು ಹಳೇ ಟ್ವೆಂಟಿನೈನರ್ ಮಾರಾಟಕ್ಕಿದೆ. ಇಬ್ಬರು ಓಡಿಸುವ ವೇಗದ ಹಾಯಿದೋಣಿ ಅದು. ನನ್ನ ಅತ್ತೆ ಮಗನೂ ನನ್ನ ಜೊತೆಗೇ ಕಲಿತವನು. ಇಬ್ಬರೂ ಸೇರಿ ಕೊಳ್ಳೋಣ ಅಂತ ಇದ್ದೇವೆ. ಇಬ್ಬರ ತೂಕ ಸೇರಿದರೆ 130 ಕೆಜಿ ಆಸುಪಾಸು. ಆ ದೋಣಿ ಓಡುವ ವಿಡಿಯೋ ನೋಡಿದ ಮೇಲೆ, ಒಬ್ಬ ತಂತಿಗೆ ನೇತುಬಿದ್ದು ನೀರಿನ ಮೇಲೆ ಹೋಗುತ್ತಾನಲ್ಲ, ಲೇಸರ್‌ನಲ್ಲಿ ಕೂತಿರುವಾಗಲೂ ತಲೆಯಲ್ಲಿ ಅದೇ ಓಡುತ್ತಿದೆ. ಆದರೆ ನಮ್ಮಲ್ಲಿ ಒಬ್ಬರು ಇನ್ನೂ ಬೇಡ ಅಂದರು. ಇನ್ನೊಬ್ಬರು ಮೊದಲು ಫೋರ್‌ಟ್ವೆಂಟಿ ಅನ್ನುವ ಇನ್ನೊಂದು ಇಬ್ಬರ ದೋಣಿ ಮಾಡು ಅಂದರು. ನಮ್ಮ ನೀರಿನಲ್ಲಿ ಅಂಥ ದೋಣಿ ಓಡಿಸಬಹುದಾ? ನಾವು ಅದಕ್ಕೆ ತಯಾರಾಗಿದ್ದೇವಾ ಅಂತ ತಿಳಿಯುವುದು ಹೇಗೆ? ಅನುಭವ ಇರುವವರು ಬಿಡಿಸಿ ಹೇಳಿ.

ಹಳೇ ಲೇಸರ್

ತಮ್ಮ, ಆಸೆ ಒಳ್ಳೆಯದೇ. ಅದನ್ನು ಯಾರೂ ತಣ್ಣಗೆ ಮಾಡಬಾರದು. ಆದರೆ ನೀನು ಬರೆದದ್ದರಲ್ಲಿ ಒಂದು ಮಾತು ಇಲ್ಲ. ಎಷ್ಟು ಗಾಳಿಯಲ್ಲಿ ಓಡಿಸಿದ್ದೀಯ?

ಇದನ್ನೇ ಯಾಕೆ ಕೇಳುತ್ತೇನೆ ಅಂದರೆ, ಗಾಳಿಯ ವೇಗ ಸ್ವಲ್ಪ ಏರಿದರೆ ಹಾಯಿಯ ಮೇಲಿನ ಒತ್ತಡ ಸ್ವಲ್ಪ ಏರುವುದಿಲ್ಲ, ವರ್ಗದ ಲೆಕ್ಕದಲ್ಲಿ ಏರುತ್ತದೆ. 8 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಮೀ) ಇದ್ದದ್ದು 12 ನಾಟ್ ಆದರೆ ಒತ್ತಡ ಎರಡು ಪಟ್ಟಿಗೂ ಜಾಸ್ತಿ. 8 ನಾಟ್‌ನಲ್ಲಿ ಎಲ್ಲವೂ ಬರುತ್ತದೆ ಅನಿಸಿದವರು 12ರಲ್ಲಿ ಬೇರೆಯೇ ದೋಣಿಯಲ್ಲಿ ಕೂತ ಹಾಗೆ ಆಡುತ್ತಾರೆ. ನಿನ್ನ ಹಾಯಿ 5.76 ಚದರ ಮೀಟರ್. ಟ್ವೆಂಟಿನೈನರ್‌ನಲ್ಲಿ ಮೇನ್ (ದೊಡ್ಡ ಹಾಯಿ) ಮತ್ತು ಜಿಬ್ (ಮುಂದಿನ ಚಿಕ್ಕ ಹಾಯಿ) ಎರಡೇ ಸೇರಿ ಅದರ ಎರಡು ಪಟ್ಟು ದಾಟುತ್ತವೆ, ಬೆನ್ನಗಾಳಿಗೆ ತಿರುಗಿದಾಗ ಗೆನೆಕರ್ ಅನ್ನುವ ಉಬ್ಬು ಹಾಯಿ ಬೇರೆ ಏರುತ್ತದೆ.

ಪರೀಕ್ಷೆ ಒಂದೇ ಹೇಳುತ್ತೇನೆ. ಜೂನ್ ಜುಲೈ ತಿಂಗಳಲ್ಲಿ ಪಡುವಣ ಗಾಳಿ ಜೋರಾಗಿ, ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಒಡೆಯುತ್ತದಲ್ಲ, ಆ ದಿನ ಲೇಸರ್ ತೆಗೆದುಕೊಂಡು ಹೋಗು. ಎದುರುಗಾಳಿಯ ಇಡೀ ಓಟದಲ್ಲಿ ದೋಣಿಯನ್ನು ಮಟ್ಟವಾಗಿ ಇಟ್ಟುಕೊಳ್ಳಬಲ್ಲೆಯಾ ನೋಡು. ವಾಲಿದ ಮೇಲೆ ಸರಿಮಾಡುವುದಲ್ಲ, ವಾಲದ ಹಾಗೆ ಇಡುವುದು. ಹೊಡೆತ ಬರುವ ಮುಂಚೆ ನೀರು ಕಪ್ಪಾಗುವುದು ಕಣ್ಣಿಗೆ ಬೀಳಬೇಕು. ಅದು ತಾಗುವ ಹೊತ್ತಿಗೆ ಮೈ ಆಗಲೇ ಹೊರಗೆ ಹೋಗಿರಬೇಕು, ಶೀಟ್, ಅಂದರೆ ಹಾಯಿ ಎಳೆಯುವ ಹಗ್ಗ, ಒಂದು ಗೇಣು ಸಡಿಲ ಆಗಿರಬೇಕು. ಲೇಸರ್‌ನಲ್ಲಿ ಇದು ತಡವಾದರೆ ದೋಣಿ ಕಾಯುತ್ತದೆ. ಟ್ವೆಂಟಿನೈನರ್ ಕಾಯುವುದಿಲ್ಲ.

ಗಾಳಿಗೆ ಎದುರು

ಹಳೇ ಲೇಸರ್ ಸರ್ ಹೇಳಿದ್ದಕ್ಕೆ ನನ್ನ ವಿರೋಧ ಇಲ್ಲ. ಆದರೂ ನಾನು ಹೋಗಿ ಅಂತಲೇ ಹೇಳುತ್ತೇನೆ. ಲೇಸರ್‌ನಲ್ಲಿ ಎಷ್ಟು ವರ್ಷ ಕೂತರೂ ಕಲಿಯಲಾಗದ ವಿಷಯ ಒಂದಿದೆ. ಅದು ವೇಗದ ಜೊತೆ ಗಾಳಿಯೇ ಬದಲಾಗುವುದು.

ಗಾಳಿಯೇ ಇಲ್ಲದ ಬೆಳಿಗ್ಗೆ ಬೆಂಗಳೂರು ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೂ ಮುಖಕ್ಕೆ ಗಾಳಿ ಬಡಿಯುತ್ತದೆ ಅಲ್ವಾ? ಹಾಯಿಗೆ ಸಿಗುವುದೂ ಹಾಗೆ ಸೇರಿದ ಗಾಳಿಯೇ. ನಿಜವಾದ ಗಾಳಿಯೂ ದೋಣಿಯ ಓಟದ ಗಾಳಿಯೂ ಕೂಡಿ ಬರುತ್ತವೆ. ನಿಧಾನದ ದೋಣಿಯಲ್ಲಿ ಓಟದ ಪಾಲು ಕಡಿಮೆ. ಟ್ವೆಂಟಿನೈನರ್‌ನಲ್ಲಿ ಆ ಪಾಲು ದೊಡ್ಡದು. ಹಾಗಾಗಿ ದೋಣಿ ಓಡಿದಷ್ಟೂ ಗಾಳಿ ಮೂತಿಯ ಕಡೆಗೆ ಸರಿಯುತ್ತದೆ. ಬೆನ್ನಗಾಳಿಯಲ್ಲಿ ಹೋಗುತ್ತಿದ್ದರೂ ಹಾಯಿ ಬಿಗಿಯಾಗಿ ಎಳೆದಿರುತ್ತದೆ. ನೇರ ಗಾಳಿಯ ದಿಕ್ಕಿಗೇ ಹೊರಟರೆ ಎಲ್ಲ ಸತ್ತುಹೋಗುತ್ತದೆ, ಅದಕ್ಕೇ ಓರೆಯಾಗಿ ಜೈಬ್ ಮಾಡುತ್ತಾ ಕೆಳಗೆ ಹೋಗಬೇಕು.

ಎಲ್ಲಕ್ಕಿಂತ ಕಷ್ಟದ ಜಾಗ ಮೇಲಿನ ಗುರುತಿನ ತಿರುವು, ಅಂದರೆ ರೇಸಿನಲ್ಲಿ ಗಾಳಿ ಬರುವ ಕಡೆ ತೇಲಿಬಿಟ್ಟ ಗುರುತನ್ನು ಸುತ್ತುವ ಜಾಗ. ಎದುರುಗಾಳಿಯಿಂದ ಬೆನ್ನಗಾಳಿಗೆ ತಿರುಗುವಾಗ ನಡುವೆ ಅಡ್ಡಗಾಳಿ ಸಿಗುತ್ತದೆ. ಒತ್ತಡ ಪೂರ್ತಿ ಇರುವುದು ಅಲ್ಲೇ. ಚುಕ್ಕಾಣಿ ಹಿಡಿದವನು ಹೆದರಿ ಅರ್ಧದಲ್ಲಿ ನಿಂತರೆ ಮಗುಚುವುದು ಖಚಿತ. ಇಬ್ಬರೂ ಹಿಂದಕ್ಕೆ ಸರಿಯಬೇಕು, ತಂತಿಯ ಮೇಲಿರುವವನ ಮುಂದಿನ ಕಾಲು ಗಟ್ಟಿಯಾಗಿ ಊರಿರಬೇಕು, ದೋಣಿ ಒಂದು ಎಳೆಯೂ ವಾಲಿರಬಾರದು. ಆಮೇಲೆ ಮೇನ್‌ಶೀಟ್ ಬಿಡುತ್ತಾ ಚುಕ್ಕಾಣಿ ಸಮವಾಗಿ ಎಳೆಯುವುದು, ತಿರುಗಿ ಮುಗಿಯುವವರೆಗೂ ನಿಲ್ಲಿಸದೆ. ಮೂತಿ ಕೆಳಗೆ ಹೊಕ್ಕು ಮೇಲೆ ಏಳುತ್ತದೆ, ಚುಕ್ಕಾಣಿ ಹಗುರಾಗುತ್ತದೆ, ಅಲ್ಲಿಗೆ ದೋಣಿ ಪ್ಲೇನಿಂಗ್‌ಗೆ ಬಂತು, ಅಂದರೆ ನೀರು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗಿತು ಅಂತ. ಗೆನೆಕರ್ ಏರಿಸುವುದು ಅದಾದ ಮೇಲೆ.

ಗೆನೆಕರ್ ಏರಿದ ಮೇಲೆ ಅಭ್ಯಾಸ ತಿರುವು ಮುರುವು. ಲೇಸರ್‌ನಲ್ಲಿ ಎದುರುಗಾಳಿಯ ಹೊಡೆತ ಬಂದರೆ ಶೀಟ್ ಬಿಡುತ್ತೀರಿ. ಇಲ್ಲಿ ಹೊಡೆತ ಬಂದರೆ ಗಾಳಿಯ ಜೊತೆಗೇ ಕೆಳಗೆ ತಿರುಗಿಸಬೇಕು, ಗಾಳಿ ಕುಗ್ಗಿದರೆ ಮೇಲೆ ತಿರುಗಿಸಬೇಕು. ಹೆದರಿ ಗಾಳಿಯ ಕಡೆಗೆ ಮೂತಿ ತಿರುಗಿಸಿದರೆ ನೀರಿಗೆ ಬಿದ್ದಂತೆಯೇ. ಈ ದೋಣಿ ನಿಂತಾಗ ಬೀಳುತ್ತದೆ, ಓಡುವಾಗ ನಿಲ್ಲುತ್ತದೆ. ಅದು ಕೈಗೆ ಅರ್ಥವಾಗಬೇಕು, ಓದಿ ಬರುವುದಲ್ಲ.

ಕನ್ನಂಬಾಡಿ ಕಡೆಯವನು

ದೋಣಿ ಬಗ್ಗೆ ನೀವೆಲ್ಲ ಬಲ್ಲವರು. ನಾನು ನೀರಿನ ಬಗ್ಗೆ ಹೇಳುತ್ತೇನೆ, ಹುಟ್ಟಿ ಬೆಳೆದದ್ದು ಇದರ ದಡದಲ್ಲೇ.

ಕಟ್ಟೆ ತುಂಬಿದರೆ 124.80 ಅಡಿ. ಮಂಡ್ಯದಲ್ಲಿ ಪೇಪರ್ ಬಿಡಿಸಿದವರು ಮೊದಲು ನೋಡುವುದೇ ಆ ಅಂಕಿ. ಬರಗಾಲದ ಬೇಸಿಗೆಯಲ್ಲಿ 80 ಅಡಿಯ ಆಸುಪಾಸಿಗೂ ಇಳಿದದ್ದಿದೆ. ಆ ಅಂಕಿ ಕಟ್ಟೆಯ ಹತ್ತಿರದ ಅಳತೆ, ನೀವು ಓಡಿಸುವ ಜಾಗದ ಆಳ ಅಲ್ಲ. ಕಟ್ಟೆಯಲ್ಲಿ 30 ಅಡಿ ಇಳಿದರೆ ಹಿನ್ನೀರಿನ ಅಂಚಿನಲ್ಲಿ ಎಷ್ಟೋ ಕಡೆ ನೆಲವೇ ಕಾಣುತ್ತದೆ. ಹಳೇ ಹೊಲದ ಬದು, ಮರದ ಬೊಡ್ಡೆ, ಕಲ್ಲು ಎಲ್ಲ ಮೇಲೆ ಬರುತ್ತವೆ. ಹಿಂದೆ ನೀರು ತೀರಾ ಇಳಿದ ವರ್ಷಗಳಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯೇ ಹೊರಗೆ ಕಾಣುತ್ತಿತ್ತು, ಆಮೇಲೆ ಅದನ್ನು ಹೊಸ ಕನ್ನಂಬಾಡಿಯಲ್ಲಿ ಮೇಲೆತ್ತಿ ಕಟ್ಟಿದರು. ಗುಡಿ ಮುಳುಗಿದ್ದ ನೀರಿನಲ್ಲಿ ಇನ್ನೇನೇನು ಇರಬಹುದು ನೀವೇ ಯೋಚಿಸಿ. ಪೂರ್ತಿ ಕಾಣುವ ಕಲ್ಲಿನ ಭಯ ಇಲ್ಲ. ಒಂದು ಮೊಳ ನೀರಿನ ಕೆಳಗಿರುವ ಬೊಡ್ಡೆಗೆ ಡ್ಯಾಗರ್‌ಬೋರ್ಡ್ (ದೋಣಿಯ ಕೆಳಗೆ ಇಳಿಬಿಡುವ ಹಲಗೆ) ಆ ವೇಗದಲ್ಲಿ ಬಡಿದರೆ ತಂತಿಯ ಮೇಲಿದ್ದವನು ಮುಂದಕ್ಕೆ ಹಾರಿ ಕಂಬಕ್ಕೋ ಹಗ್ಗಕ್ಕೋ ಬಡಿಯುತ್ತಾನೆ.

ಇನ್ನೊಂದು, ಬಲೆ. ಮೀನಿನವರು ಸಂಜೆ ಬಿಟ್ಟ ಬಲೆಗೆ ಗುರುತು ಅಂದರೆ ಖಾಲಿ ಬಾಟಲಿ, ಇಲ್ಲ ಥರ್ಮೋಕೋಲ್ ಚೂರು. ಅದು ಅವರ ಅನ್ನ, ಹರಿಯಬಾರದು. ಹೊಸ ದೋಣಿ ಇಳಿಸುವ ಮುಂಚೆ ಅವರ ಜೊತೆ ಒಂದು ಮಾತಾಡಿ. ಎಲ್ಲಿ ಬಿಡುತ್ತಾರೆ, ಎಲ್ಲಿ ಬೊಡ್ಡೆ ಇವೆ, ಎಲ್ಲ ಬಾಯಿಪಾಠ ಹೇಳುತ್ತಾರೆ. ಕಟ್ಟೆಯ ಗೋಡೆಯ ಹತ್ತಿರಕ್ಕಂತೂ ಹೋಗಲೇಬೇಡಿ.

ಹಳೇ ಲೇಸರ್

ಕನ್ನಂಬಾಡಿಯವರ ಮಾತು ಬರೆದಿಟ್ಟುಕೊಳ್ಳಿ. ಅದಕ್ಕೆ ಒಂದು ಸೇರಿಸುತ್ತೇನೆ. ಟ್ವೆಂಟಿನೈನರ್ ಮಗುಚಿದರೆ ಲೇಸರ್‌ನ ಹಾಗೆ ಪಕ್ಕಕ್ಕೆ ಮಲಗಿ ನಿಮಗಾಗಿ ಕಾಯುವುದು ಅಪರೂಪ, ಬೇಗ ಪೂರ್ತಿ ಬೋರಲಾಗುತ್ತದೆ. 20 ಅಡಿಗಿಂತ ಕಡಿಮೆ ನೀರಿದ್ದರೆ ಕಂಬದ ತುದಿ ಕೆಸರಿಗೆ ಹೊಗುತ್ತದೆ. ಆಮೇಲೆ ಎಳೆದಾಡಿದರೆ ಬಾಗುವುದು ಕಂಬವೇ. ಆಳ ಇರುವ ಕಡೆ, ನೀರು ತುಂಬಿರುವ ಕಾಲದಲ್ಲಿ ಶುರು ಮಾಡಿ. ಮುಂಗಾರು ಮುಗಿದ ಮೇಲೆ ಅಕ್ಟೋಬರ್‌ನಿಂದ ಕಟ್ಟೆ ತುಂಬಿರುತ್ತದೆ, ಗಾಳಿಯೂ ಮೆತ್ತಗಿರುತ್ತದೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಮಂಡ್ಯದ ಅಮ್ಮ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮಗಳಿಗೆ 14 ವರ್ಷ, ಮಕ್ಕಳ ಚಿಕ್ಕ ದೋಣಿ ಆಪ್ಟಿಮಿಸ್ಟ್ ಓಡಿಸುತ್ತಾಳೆ. ಅವಳೂ ಈ ವೇಗದ ದೋಣಿ ವಿಡಿಯೋ ತೋರಿಸಿ ನನ್ನನ್ನು ಕಾಡುತ್ತಿದ್ದಾಳೆ. ಆ ತಂತಿ, ಕೊಕ್ಕೆ ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ದೋಣಿ ಬೋರಲಾದಾಗ ಆ ಕೊಕ್ಕೆ ಸಿಕ್ಕಿಕೊಂಡರೆ ಏನು ಮಾಡುತ್ತಾರೆ? ದಯವಿಟ್ಟು ಸಮಾಧಾನಕ್ಕೆ ಹೇಳಬೇಡಿ, ಇದ್ದದ್ದು ಹೇಳಿ.

ಗಾಳಿಗೆ ಎದುರು

ಅಮ್ಮ, ಇದ್ದದ್ದೇ ಹೇಳುತ್ತೇನೆ. ಆ ಅಪಾಯ ನಿಜ. ಬೋರಲಾದ ದೋಣಿಯ ಕೆಳಗೆ ಕೊಕ್ಕೆಯೋ ಹಗ್ಗವೋ ಸಿಕ್ಕಿಕೊಂಡು ಬೇರೆ ದೇಶಗಳಲ್ಲಿ ಜೀವ ಹೋದದ್ದಿದೆ. ಅದಕ್ಕೇ ಈಗ ಒಂದೇ ಎಳೆತಕ್ಕೆ ಕೊಕ್ಕೆಯೇ ಕಳಚುವ ಟ್ರಾಪೀಜ್ ಹಾರ್ನೆಸ್ ಸಿಗುತ್ತದೆ. ಟ್ರಾಪೀಜ್ ಅಂದರೆ ಆ ತಂತಿ, ಹಾರ್ನೆಸ್ ಅಂದರೆ ಮೈಗೆ ಕಟ್ಟುವ ಪಟ್ಟಿ. ಹಳೇ ಗಟ್ಟಿ ಕೊಕ್ಕೆಯ ಹಾರ್ನೆಸ್ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ಲೈಫ್ ಜಾಕೆಟ್ ಹಾರ್ನೆಸ್‌ನ ಮೇಲೆ ಬಿಗಿಯಾಗಿ ಕೂರಬೇಕು, ಸಡಿಲ ಪಟ್ಟಿ ಎಲ್ಲೂ ತೂಗಬಾರದು. ಹಗ್ಗ ಕತ್ತರಿಸುವ ಚಿಕ್ಕ ಚಾಕು ಇಬ್ಬರ ಮೈಮೇಲೂ ಇರಬೇಕು, ದೋಣಿಯ ಚೀಲದಲ್ಲಿ ಅಲ್ಲ. ತಲೆಗೆ ಹೆಲ್ಮೆಟ್. ಎದ್ದ ಕೂಡಲೇ ಮೊದಲ ಕೆಲಸ ಇನ್ನೊಬ್ಬನ ಹೆಸರು ಕೂಗುವುದು, ಉತ್ತರ ಬಂದ ಮೇಲೆ ದೋಣಿಯ ಕಡೆ ನೋಡುವುದು. ಕೊಕ್ಕೆ ಕಳಚುವುದನ್ನು ದಡದ ಹತ್ತಿರ, ಎದೆಮಟ್ಟ ನೀರಿನಲ್ಲಿ, ಕಣ್ಣು ಮುಚ್ಚಿ ಅಭ್ಯಾಸ ಮಾಡಿಸಿ. ಕೈಗೆ ತಾನಾಗೇ ಬರುವವರೆಗೂ. ಸೇಫ್ಟಿ ಬೋಟ್ ನೀರಿನಲ್ಲಿ ಇಲ್ಲದ ದಿನ ಈ ದೋಣಿ ಇಳಿಸಲೇಬಾರದು, ದಡದಲ್ಲಿ ನಿಂತಿದ್ದರೆ ಲೆಕ್ಕಕ್ಕಿಲ್ಲ.

ನಿಮ್ಮ ಮಗಳಿಗೆ ಮಾತ್ರ ಇದು ಈಗಲೇ ಬೇಡ. ಆಪ್ಟಿಮಿಸ್ಟ್ 15 ತುಂಬುವ ವರ್ಷದವರೆಗೆ ಮಾತ್ರ, ಹಾಗಾಗಿ ಹೇಗೂ ಬೇರೆ ದೋಣಿಗೆ ಹೋಗಲೇಬೇಕು. ಇಲ್ಕಾ 4 ನೋಡಿ. ಲೇಸರ್‌ನದೇ ಮೈ, ಹಾಯಿ 4.7 ಚದರ ಮೀಟರ್. ಆಮೇಲೆ ಕಂಬದ ಕೆಳಗಿನ ತುಂಡು ಮತ್ತು ಹಾಯಿ ಬದಲಿಸಿದರೆ ಅದೇ ದೋಣಿ ಇಲ್ಕಾ 6 ಆಗುತ್ತದೆ. ಒಮ್ಮೆ ಕೊಂಡದ್ದು ವರ್ಷಗಟ್ಟಲೆ ಬರುತ್ತದೆ. ಅದೇನೂ ಕಡಿಮೆ ದೋಣಿಯಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನೇಹಾ ಠಾಕೂರ್ ಬೆಳ್ಳಿ ಗೆದ್ದದ್ದು ಇಲ್ಕಾ 4ರಲ್ಲೇ. ಆ ಹುಡುಗಿ ಮಧ್ಯಪ್ರದೇಶದವಳು, ರೈತನ ಮಗಳು, ಕಲಿತದ್ದು ಭೋಪಾಲದ ಕೆರೆಯಲ್ಲಿ. ಸಮುದ್ರ ಇಲ್ಲ ಅಂತ ನಮ್ಮ ಮಂಡ್ಯ ಮೈಸೂರಿನ ಮಕ್ಕಳು ಹಿಂದೆ ಬೀಳಬೇಕಾಗಿಲ್ಲ.

ಮಂಡ್ಯದ ಅಮ್ಮ

ತುಂಬ ಉಪಕಾರ ಆಯಿತು. ಚಾಕು, ಕೊಕ್ಕೆ ಎರಡೂ ಮನಸ್ಸಿಗೆ ನಾಟಿತು. ಇಲ್ಕಾ 4 ಬಗ್ಗೆ ಅವಳ ಕೋಚ್ ಜೊತೆ ಮಾತಾಡುತ್ತೇನೆ.

ಹಿನ್ನೀರ ಹುಡುಗ

ಎಲ್ಲ ಓದಿದೆ. ಹಳೇ ಲೇಸರ್ ಸರ್, ನೀವು ಕೇಳಿದ್ದಕ್ಕೆ ಉತ್ತರ: 10 ನಾಟ್‌ವರೆಗೆ ಆರಾಮಾಗಿ ಓಡಿಸಿದ್ದೇನೆ. ಅದರ ಮೇಲೆ ಹೋದಾಗ ದೋಣಿ ನನ್ನ ಕೈಯಲ್ಲಿ ಇರುತ್ತದೆ, ಆದರೆ ರೇಸಿನ ಯೋಚನೆ ಮಾಡುವಷ್ಟು ತಲೆ ಖಾಲಿ ಇರುವುದಿಲ್ಲ. ಫೋರ್‌ಟ್ವೆಂಟಿ ಬಗ್ಗೆ ಯಾರೂ ಹೇಳಲಿಲ್ಲ. ಅದು ನಡುವಿನ ಮೆಟ್ಟಿಲಾ, ಸುಮ್ನೆ ಸುತ್ತು ದಾರಿಯಾ?

ಹಳೇ ಲೇಸರ್

ಸುತ್ತು ದಾರಿ ಅಲ್ಲವೇ ಅಲ್ಲ. ಹೆಸರೇ ಹೇಳುವ ಹಾಗೆ 4.20 ಮೀಟರ್ ದೋಣಿ, 1960ರ ಸುಮಾರಿಗೆ ಫ್ರಾನ್ಸ್‌ನಲ್ಲಿ ಹುಟ್ಟಿದ್ದು. ಅದರಲ್ಲೂ ಒಂದು ಟ್ರಾಪೀಜ್ ಇದೆ, ಬೆನ್ನಗಾಳಿಗೆ ಏರಿಸುವ ಉಬ್ಬು ಹಾಯಿ ಸ್ಪಿನ್ನೇಕರ್ ಇದೆ. ಇಬ್ಬರು ಒಂದೇ ಮನಸ್ಸಿನಲ್ಲಿ ಓಡಿಸುವುದನ್ನು ಅದು ಚೆನ್ನಾಗಿ ಕಲಿಸುತ್ತದೆ. ನಿಂತಾಗ ಸ್ಥಿರವಾಗಿ ನಿಲ್ಲುತ್ತದೆ, ತಪ್ಪಿಗೆ ಅವಕಾಶ ಕೊಡುತ್ತದೆ. ಆದರೆ ಅದರ ಸ್ಪಿನ್ನೇಕರ್‌ಗೆ ಕೋಲು ಹಾಕಬೇಕು, ಜೈಬ್‌ನಲ್ಲಿ ಕೋಲು ಬದಲಿಸಬೇಕು. ಟ್ವೆಂಟಿನೈನರ್‌ನಲ್ಲಿ ಮೂತಿಯಲ್ಲೇ ಕೋಲು ನಿಂತಿರುತ್ತದೆ, ಜಿಬ್ ತಾನೇ ಪಕ್ಕ ಬದಲಿಸುತ್ತದೆ. ಹಗ್ಗದ ಕೆಲಸ ಕಡಿಮೆ, ತೂಕ ನಿಭಾಯಿಸುವ ಕೆಲಸ ಜಾಸ್ತಿ. ಒಂದರಿಂದ ಇನ್ನೊಂದಕ್ಕೆ ಹೋದವನಿಗೆ ಟ್ರಾಪೀಜ್ ಬಂದಿರುತ್ತದೆ, ಓಟದ ಗಾಳಿ ಬಂದಿರುವುದಿಲ್ಲ.

ಯಾರದ್ದಾದರೂ ಫೋರ್‌ಟ್ವೆಂಟಿ ಎರವಲು ಸಿಕ್ಕರೆ ಒಂದು ಸೀಸನ್ ಓಡಿಸು. ಅದಕ್ಕಂತ ದುಡ್ಡು ಹಾಕಬೇಡ. ಲೇಸರ್ ಅಂತೂ ಬಿಡಲೇಬೇಡ. ನಮ್ಮ ದೇಶದ ನೇತ್ರಾ ಕುಮನನ್ ಟೋಕಿಯೋ, ಪ್ಯಾರಿಸ್ ಎರಡು ಒಲಿಂಪಿಕ್ಸ್‌ಗೆ ಹೋದದ್ದು ನೀನು ಕೂರುವ ಅದೇ ದೋಣಿಯಲ್ಲಿ. ಅದು ಬಿಟ್ಟು ಮೇಲೆ ಹೋಗುವ ದೋಣಿ ಅಂತ ಎಣಿಸಬೇಡ.

ವೇಗದ ವ್ಯತ್ಯಾಸ ಅಂಕಿಯಲ್ಲಿ ಬೇಕಾದರೆ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ನೋಡು, ಬಗೆಬಗೆಯ ದೋಣಿಗಳ ವೇಗ ಹೋಲಿಸುವ ಅಂಕಿಯ ಪಟ್ಟಿ ಅದು, ಅಂಕಿ ಕಡಿಮೆಯಾದಷ್ಟೂ ದೋಣಿ ವೇಗದ್ದು. ಇಲ್ಕಾ 6ಕ್ಕೆ 1150ರ ಸುಮಾರು, ಟ್ವೆಂಟಿನೈನರ್‌ಗೆ 900ರ ಸುಮಾರು. ನಿನಗೆ 46 ನಿಮಿಷ ಹಿಡಿಯುವ ಓಟ ಅದಕ್ಕೆ 36 ನಿಮಿಷ. ಬಗೆಬಗೆಯ ದೋಣಿ ಸೇರಿದ ರೇಸಿನಲ್ಲಿ ಆ ಹತ್ತು ನಿಮಿಷ ಮುಂಚೆ ಬಂದರೆ ಮಾತ್ರ ಸಮ. ಮಗುಚಿ ಎದ್ದರೆ ಅಷ್ಟೂ ಅಲ್ಲೇ ಕರಗುತ್ತದೆ.

ಗಾಳಿಗೆ ಎದುರು

ಚೆನ್ನೈ ದೋಣಿ ನೋಡಲು ಹೋಗುವುದಾದರೆ ಹಾಯಿ ನೋಡಿ ಮರುಳಾಗಬೇಡಿ. ಹಾಯಿ ಬದಲಿಸಬಹುದು, ಮೈ ಬದಲಿಸಲಾಗದು. ಬಗ್ಗಿ ಡೆಕ್ ಪೂರ್ತಿ ಅಂಗೈಯಿಂದ ಒತ್ತುತ್ತಾ ಹೋಗಿ, ಅದರಲ್ಲೂ ತಂತಿಯ ಮೇಲಿನವನು ಕಾಲಿಡುವ ಅಂಚು. ಮೆತ್ತಗೆ ಒಳಗೆ ಹೋಗಿ ಚಟ್ ಅಂದರೆ ಒಳಗಿನ ಫೋಮ್ ಬಿಟ್ಟಿದೆ ಅಂತ. ಕಂಬ ನಿಲ್ಲುವ ಬುಡ, ಡ್ಯಾಗರ್‌ಬೋರ್ಡ್ ಇಳಿಯುವ ಸಂದು, ಚುಕ್ಕಾಣಿ ಕೂರುವ ಹಿಂಭಾಗ, ಈ ಮೂರರ ಸುತ್ತ ಕೂದಲೆಳೆ ಬಿರುಕು ಹುಡುಕಿ. ಇಬ್ಬರು ಹಿಡಿದು ಓರೆ ಮಾಡಿ ಒಳಗೆ ನೀರು ಕುಲುಕುವ ಸದ್ದು ಕೇಳಿ. ಅದು ಸಮುದ್ರದಲ್ಲಿ ಓಡಿದ ದೋಣಿ, ಉಪ್ಪು ತಿಂದಿರುತ್ತದೆ. ಅಲ್ಯೂಮಿನಿಯಂಗೆ ಸ್ಟೀಲ್ ರಿವೆಟ್ ಹೊಡೆದ ಕಡೆ ಬಿಳಿ ಪುಡಿ ಉಬ್ಬಿದ್ದರೆ ಆ ಭಾಗ ಸೋತಿದೆ. ಬಿಡಿಭಾಗ ಹೊರದೇಶದಿಂದ ತರಿಸಬೇಕಾಗುತ್ತದೆ, ಅದರ ಖರ್ಚೂ ಕಾಯುವ ದಿನವೂ ಲೆಕ್ಕಕ್ಕೆ ಇರಲಿ.

ಎಲ್ಲಕ್ಕಿಂತ ಮುಖ್ಯ, ಕೊಳ್ಳುವ ಮುಂಚೆ ನೀರಿನಲ್ಲಿ ಓಡಿಸಿ ನೋಡಲು ಕೇಳಿ. ಒಪ್ಪದಿದ್ದರೆ ಬಿಟ್ಟು ಬನ್ನಿ.

ಹಿನ್ನೀರ ಹುಡುಗ

ಚೆನ್ನೈಗೆ ಹೋಗಿ ಬಂದೆವು. ಅದರ ಬಗ್ಗೆ ಬರೆಯಲೇಬೇಕು ಅನಿಸಿತು.

ಮಾರುವವರು ಒಳ್ಳೆಯವರು, ಓಡಿಸಲು ಕೊಟ್ಟರು, ಅವರೂ ರಬ್ಬರ್ ಬೋಟ್‌ನಲ್ಲಿ ಪಕ್ಕದಲ್ಲೇ ಬಂದರು. ಗಾಳಿ 8 ನಾಟ್ ಇದ್ದಿರಬೇಕು. ದಡ ಬಿಟ್ಟು ಹಾಯಿ ಎಳೆಯುವ ಮುಂಚೆಯೇ ದೋಣಿ ಒಂದು ಪಕ್ಕಕ್ಕೆ ಜಾರಿತು, ನಾವು ಆ ಕಡೆ ಸರಿದರೆ ಈ ಕಡೆಗೆ ಜಾರಿತು. ಕಾಲ ಕೆಳಗೆ ನೆಲವೇ ಇಲ್ಲದ ಹಾಗೆ. ಅತ್ತೆ ಮಗ ತಂತಿಗೆ ಕೊಕ್ಕೆ ಹಾಕಿ ಹೊರಗೆ ಹೋದ, ಮೇನ್‌ಶೀಟ್ ಅವನ ಕೈಯಲ್ಲೇ, ಎರಡು ಎಳೆತ ಎಳೆದ ಅಷ್ಟೇ. ದೋಣಿ ಹೊರಟಿತು. ಹೊರಟ ಕ್ಷಣಕ್ಕೆ ಆ ಜಾರಾಟ ಪೂರ್ತಿ ನಿಂತುಹೋಯಿತು. ನೀವು ಬರೆದದ್ದು ನನಗೆ ಅರ್ಥವಾದದ್ದು ಆಗ. ಲೇಸರ್‌ನಲ್ಲಿ ಹೊಡೆತ ಬಂದಾಗ ಹಾಯಿ ಸಡಿಲ ಬಿಟ್ಟು ನಿಧಾನ ಮಾಡುವುದು ನನ್ನ ಧೈರ್ಯ ಆಗಿತ್ತು. ಇಲ್ಲಿ ನಿಧಾನ ಮಾಡುವುದೇ ಅಪಾಯ. ಗೆನೆಕರ್ ಏರಿಸಿದ ಮೇಲೆ ಎಷ್ಟು ವೇಗ ಹೋದೆವೋ ಗೊತ್ತಿಲ್ಲ, ಮೂತಿಯ ಎರಡೂ ಪಕ್ಕ ನೀರು ಹಾಳೆಯಂತೆ ಏಳುತ್ತಿತ್ತು, ಚುಕ್ಕಾಣಿ ಬೆರಳ ತುದಿಯಲ್ಲಿ ತಿರುಗುತ್ತಿತ್ತು. ಜೈಬ್‌ನಲ್ಲಿ ಮಗುಚಿದೆವು. ಗೆನೆಕರ್ ಒಳಗೆ ಎಳೆಯುವವರೆಗೂ ದೋಣಿ ಎತ್ತಬೇಡಿ ಅಂತ ಅವರು ಕೂಗಿ ಹೇಳಿದರು. ಹಾಗೇ ಮಾಡಿದೆವು, ಎದ್ದು ನಿಂತಿತು.

ಡೆಕ್ ಒತ್ತಿ ನೋಡಿದೆವು. ಎಡ ಅಂಚಿನಲ್ಲಿ ಒಂದು ಕಡೆ ಮೆತ್ತಗಿದೆ. ಅದನ್ನು ಅವರಿಗೆ ಹೇಳಿದೆವು, ರಿಪೇರಿ ಮಾಡಿಸಿ ಕೊಡುವುದಾಗಿ ಒಪ್ಪಿದ್ದಾರೆ. ಹೇಗೂ ಅಷ್ಟರಲ್ಲಿ ಅಕ್ಟೋಬರ್ ಬರುತ್ತದೆ. ಈ ಮುಂಗಾರು ಪೂರ್ತಿ ಲೇಸರ್‌ನಲ್ಲೇ ಜೋರು ಗಾಳಿ ಹುಡುಕಿಕೊಂಡು ಓಡಿಸುತ್ತೇನೆ, ಹಳೇ ಲೇಸರ್ ಸರ್ ಹೇಳಿದ ಪರೀಕ್ಷೆ ಪಾಸಾಗಬೇಕು. ಅತ್ತೆ ಮಗನಿಗೂ ಅದೇ ಮಾತು. ಮೀನಿನವರ ಹತ್ತಿರ ಹೋಗುವಾಗ ಕನ್ನಂಬಾಡಿ ಅಣ್ಣ ಜೊತೆಗೆ ಬಂದರೆ ಒಳ್ಳೆಯದು.

ಒಂದೇ ಪ್ರಶ್ನೆ ಉಳಿದಿದೆ. ಇಬ್ಬರಿಗೂ ಚುಕ್ಕಾಣಿ ಬೇಕು. ಸರದಿ ಹಾಕಿಕೊಳ್ಳಬಹುದಾ?

ಕನ್ನಂಬಾಡಿ ಕಡೆಯವನು

ಬರುತ್ತೇನೆ ಕಣಪ್ಪ. ಬೆಳಿಗ್ಗೆ ಆರಕ್ಕೆ ಮುಂಚೆ ಬನ್ನಿ, ಬಲೆ ಎತ್ತಿ ದಡಕ್ಕೆ ಬರುವ ಹೊತ್ತು ಅದು. ಆಮೇಲೆ ಎಲ್ಲ ಮಾರುಕಟ್ಟೆಗೆ ಹೊರಟುಬಿಡುತ್ತಾರೆ.

ಹಳೇ ಲೇಸರ್

ಮೊದಲ ಕೆಲವು ವಾರ ಸರದಿ ಹಾಕಿಕೊಳ್ಳಿ, ಇನ್ನೊಬ್ಬನ ಜಾಗದ ಕಷ್ಟ ಇಬ್ಬರಿಗೂ ಗೊತ್ತಾಗಲಿ. ಆಮೇಲೆ ಒಂದು ಸೀಸನ್‌ಗೆ ಒಬ್ಬನದೇ ಅಂತ ಗಟ್ಟಿ ಮಾಡಿ. ನಿಮ್ಮಿಬ್ಬರಲ್ಲಿ ಯಾರು ಎತ್ತರವೋ ಅವನು ತಂತಿಗೆ. ಆ ಜಾಗ ಎರಡನೇ ದರ್ಜೆ ಅಂತ ಎಣಿಸಬೇಡಿ, ಎದುರುಗಾಳಿಯಲ್ಲಿ ಮೇನ್‌ಶೀಟ್ ಅವನ ಕೈಯಲ್ಲಿರುತ್ತದೆ, ಈ ದೋಣಿಯ ಅರ್ಧ ಓಟ ಅವನದೇ. ದುಡ್ಡು ಯಾರದು ಎಷ್ಟು, ಒಬ್ಬ ಕೆಲಸಕ್ಕೆ ಬೇರೆ ಊರಿಗೆ ಹೋದರೆ ದೋಣಿ ಯಾರಿಗೆ, ಇದನ್ನೂ ಈಗಲೇ ಮನೆಯವರ ಎದುರು ಮಾತಾಡಿ ಬರೆದಿಡಿ. ನಿಮ್ಮತ್ತೆಯೂ ಅಲ್ಲಿರಲಿ.